ಚಳಿಗಾಲದ ದೋಣಿಯಲ್ಲಿ ಗಾಳ ಹಿಡಿದು ನಿಲ್ಲಲು ಯಾವ ಉಡುಪು ತಕ್ಕದ್ದು?

ನಯಾಗರಾ ಜಲಪಾತವನ್ನು ಬೇಸಿಗೆಯಲ್ಲಿ ನೋಡಿ ಬಂದ ಕನ್ನಡಿಗರಿಗೆ ಲೆಕ್ಕವಿಲ್ಲ. ಅದೇ ನದಿ ಜಲಪಾತದ ಕೆಳಗಿನ ಕಮರಿಯನ್ನು ದಾಟಿ, ಲೂಯಿಸ್ಟನ್ ಊರಿನ ಬಳಿ ತುಸು ಶಾಂತವಾಗಿ, ಅಲ್ಲಿಂದ ಸುಮಾರು 11 ಕಿಲೋಮೀಟರ್ ಹರಿದು ಒಂಟಾರಿಯೊ ಸರೋವರವನ್ನು ಸೇರುತ್ತದೆ. ಆ ಭಾಗವನ್ನು ಜನವರಿಯಲ್ಲಿ ನೋಡಿದವರು ಮಾತ್ರ ಕಡಿಮೆ. ಸುತ್ತಲಿನ ಕೆರೆಕುಂಟೆಗಳೆಲ್ಲ ಹೆಪ್ಪುಗಟ್ಟಿದ ಕಾಲದಲ್ಲಿಯೂ ಸೆಳವಿನ ಕಾರಣದಿಂದ ಇಲ್ಲಿನ ನೀರು ತೆರೆದೇ ಇರುವುದರಿಂದ, ನವೆಂಬರಿನಿಂದ ಏಪ್ರಿಲ್‌ವರೆಗೆ ಸ್ಟೀಲ್‌ಹೆಡ್, ಬ್ರೌನ್ ಟ್ರೌಟ್, ಲೇಕ್ ಟ್ರೌಟ್ ಮೀನುಗಳನ್ನು ಅರಸಿ ಸಣ್ಣ ದೋಣಿಗಳು ನೀರಿಗಿಳಿಯುತ್ತವೆ. ಬಫಲೋ, ರಾಚೆಸ್ಟರ್ ಕಡೆ ಕೆಲಸದಲ್ಲಿರುವ ನಮ್ಮವರನ್ನು ಸಹೋದ್ಯೋಗಿಯೊಬ್ಬರು "ಶನಿವಾರ ಬೆಳಿಗ್ಗೆ ಬನ್ನಿ, ದೋಣಿಯಲ್ಲಿ ಒಂದು ಜಾಗವಿದೆ" ಎಂದು ಕರೆದಾಗ ಏಳುವ ಮೊದಲ ಪ್ರಶ್ನೆ, ಏನು ಹಾಕಿಕೊಂಡು ಹೋಗುವುದು ಎಂಬುದು.

ನಾನು ಮೊದಲ ಸಲ ಹೋದಾಗ ತೊಟ್ಟಿದ್ದು ಕಚೇರಿಗೆ ಹಾಕಿಕೊಂಡು ಹೋಗುವ, ಹಕ್ಕಿಯ ಪುಕ್ಕ ತುಂಬಿದ ಡೌನ್ ಜಾಕೆಟ್, ಅದರೊಳಗೆ ಊರಿನಿಂದ ತಂದ ಸ್ವೆಟರ್, ಕಾಲಿಗೆ ಜೀನ್ಸ್, ಜೀನ್ಸಿನ ಒಳಗೆ ಹತ್ತಿಯ ಥರ್ಮಲ್. ಬಸ್ಸಿಗಾಗಿ ಹತ್ತು ನಿಮಿಷ ಕಾಯಲು ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ದೋಣಿ ವೇಗ ಹಿಡಿದು ಪ್ರವಾಹಕ್ಕೆ ಎದುರಾಗಿ ಸಾಗುವಾಗ ಮುಂಭಾಗದಿಂದ ಸಿಡಿದ ನೀರು ತೊಡೆಯ ಮೇಲೆ ಬಿತ್ತು. ಒಂದು ಲೋಟದಷ್ಟೂ ಇರಲಿಲ್ಲ. ಅರ್ಧ ಗಂಟೆಯೊಳಗೆ ಆ ಜಾಗದ ಜೀನ್ಸ್ ತಗಡಿನಂತೆ ಸೆಟೆದುಕೊಂಡಿತು, ಮೊಣಕಾಲು ಮಡಿಸಿದರೆ ಒಣ ಹಾಳೆ ಮುರಿದಂತೆ ಸದ್ದು ಬಂತು, ಮೀನು ಹಿಡಿಯಲು ಬಂದವನು ಉಳಿದ ಹೊತ್ತೆಲ್ಲ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತೆ. ಆ ದಿನ ಚಳಿಯೊಂದೇ ತೊಂದರೆ ಎಂದುಕೊಂಡಿದ್ದೆ. ಅದೇ ಉಡುಪಿನಲ್ಲಿ ಆಯ ತಪ್ಪಿ ನೀರಿಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದು ಮನೆಗೆ ಬಂದ ಮೇಲೆ. ಹಾಗಾಗಿ ಇಲ್ಲಿ ಪ್ರತಿಯೊಂದು ಉಡುಪನ್ನೂ ಮೊದಲು ಆ ಪ್ರಶ್ನೆಯಿಂದ ತೂಗಿದ್ದೇನೆ: ನೀರಿನಲ್ಲಿ ಇದು ಏನು ಮಾಡುತ್ತದೆ? ದೋಣಿಯಲ್ಲಿ ಎಷ್ಟು ಬೆಚ್ಚಗಿಡುತ್ತದೆ ಎಂಬುದು ಆಮೇಲಿನ ಮಾತು.

ಮೊದಲು ನೀರಿನ ಲೆಕ್ಕ

ಈರಿ ಸರೋವರದ ನೀರು ನಯಾಗರಾ ನದಿಯಾಗಿ ಹೊರಬೀಳುವ ಬಫಲೋ ಬಳಿ, 1964ರಿಂದ ಪ್ರತಿ ಚಳಿಗಾಲದಲ್ಲೂ ಸುಮಾರು 2.7 ಕಿಲೋಮೀಟರ್ ಉದ್ದದ ತೇಲುವ ತಡೆಯೊಂದನ್ನು ಕಟ್ಟುತ್ತಾರೆ. ಸರೋವರದ ಮಂಜುಗಡ್ಡೆ ಒಮ್ಮೆಲೇ ನದಿಗೆ ನುಗ್ಗಿ ಕೆಳಗಿನ ವಿದ್ಯುದಾಗಾರಗಳ ನೀರಿನ ದಾರಿಯನ್ನು ಕಟ್ಟದಿರಲಿ ಎಂಬುದು ಅದರ ಉದ್ದೇಶ. ಕಟ್ಟಲು ತೊಡಗುವುದು ನೀರಿನ ಉಷ್ಣಾಂಶ 39 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ, ಇಲ್ಲವೇ ಡಿಸೆಂಬರ್ 16 ಬಂದಾಗ, ಯಾವುದು ಮೊದಲೋ ಆಗ. ತಡೆ ಕಟ್ಟಲು ಶುರುವಾಯಿತೆಂಬ ಸುದ್ದಿ ಬಂದರೆ ನೀರು ಎಷ್ಟು ತಣ್ಣಗಿದೆ ಎಂದು ತಿಳಿಯಲು ಬೇರೆ ಪಂಚಾಂಗ ನೋಡಬೇಕಾಗಿಲ್ಲ. ಮೋಸ ಮಾಡುವುದು ಏಪ್ರಿಲ್. ಆಗ ದಡದಲ್ಲಿ ಬಿಸಿಲು ಹಿತವಾಗಿ ಕಾಯುತ್ತಿರುತ್ತದೆ, ಜನ ಅರ್ಧ ತೋಳಿನ ಅಂಗಿಗೆ ಇಳಿದಿರುತ್ತಾರೆ, ನೀರು ಮಾತ್ರ ಇನ್ನೂ ಮಾಘ ಮಾಸದಲ್ಲಿಯೇ ಇರುತ್ತದೆ. ಉಡುಪು ಆರಿಸುವಾಗ ನೋಡಬೇಕಾದದ್ದು ಗಾಳಿಯ ಉಷ್ಣಾಂಶವನ್ನಲ್ಲ, ನೀರಿನದನ್ನು.

ಇಂಥ ನೀರಿಗೆ ಬಿದ್ದ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ದಶಕಗಳ ಕಾಲ ಅಧ್ಯಯನ ಮಾಡಿ, ನೆನಪಿಡಲು ಸುಲಭವಾಗುವಂತೆ 1-10-1 ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದಿದ್ದಾರೆ. ಮೊದಲ ಒಂದು ನಿಮಿಷ ಉಸಿರು ಹತೋಟಿಯಲ್ಲಿರುವುದಿಲ್ಲ. ತಣ್ಣೀರು ಮೈಗೆ ತಾಗುತ್ತಿದ್ದಂತೆ ತಾನಾಗಿಯೇ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತೇವೆ, ಆ ಗಳಿಗೆಯಲ್ಲಿ ಮುಖ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರು. ಅನಂತರದ ಸುಮಾರು ಹತ್ತು ನಿಮಿಷ ಕೈಕಾಲು ನಮ್ಮ ಮಾತು ಕೇಳುತ್ತವೆ, ಆಮೇಲೆ ಮರಗಟ್ಟುತ್ತವೆ. ಶರೀರದ ಒಳಭಾಗ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಬೇಕು. ತಣ್ಣೀರಿನಲ್ಲಿ ಸಾಯುವವರೆಲ್ಲ ಚಳಿ ಹತ್ತಿ ಸಾಯುತ್ತಾರೆಂದು ನಾವು ತಿಳಿದಿರುತ್ತೇವೆ. ಅನೇಕರಿಗೆ ಚಳಿ ಹತ್ತುವವರೆಗೂ ಸಮಯವೇ ಸಿಗುವುದಿಲ್ಲ. ಮುಖವನ್ನು ನೀರಿನ ಮೇಲೆ ಹಿಡಿದಿಡುವ ಉಡುಪು ಬೆಚ್ಚಗಿಡುವ ಉಡುಪಿಗಿಂತ ಮೊದಲು ಬೇಕೆನ್ನುವುದು ಇದೇ ಕಾರಣಕ್ಕೆ. ಮಲ್ಪೆಯ ಕಡಲಿನಲ್ಲಿ ಈಜು ಕಲಿತವರಿಗೆ ಇದನ್ನು ಒಪ್ಪುವುದು ಕಷ್ಟ, ಏಕೆಂದರೆ ಅಲ್ಲಿ ನೀರೇ ಸುಮಾರು 28 ಡಿಗ್ರಿ ಇರುತ್ತದೆ ಮತ್ತು ಒದ್ದೆಯಾಗುವುದು ಅಲ್ಲಿ ಒಂದು ವಿಷಯವೇ ಅಲ್ಲ.

ದೋಣಿಯ ಮೇಲಿನ ಚಳಿಯ ಲೆಕ್ಕವೂ ದಡದ ಲೆಕ್ಕವಲ್ಲ. ಗಾಳಿಯೇ ಇಲ್ಲದ ದಿನ, ಉಷ್ಣಾಂಶ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದಾಗ, ದೋಣಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 14 ಡಿಗ್ರಿ ಕೆಳಗಿದ್ದಂತೆ. ಗಾಳ ಹಾಕುವಾಗಲಾದರೋ ಮೈಗೆ ಕೆಲಸವೇ ಇಲ್ಲ: ಮೋಟಾರಿನಿಂದ ದೋಣಿಯ ದಿಕ್ಕು ಸರಿಪಡಿಸುತ್ತ, ಪ್ರವಾಹದೊಂದಿಗೆ ತೇಲುತ್ತ, ತಳವನ್ನು ತಾಕುವ ಸೀಸದ ಗುಂಡಿನ ಮಿಡಿತಕ್ಕೆ ಕಾಯುತ್ತ ನಿಂತಿರಬೇಕು. ಹಿಮದಲ್ಲಿ ನಡೆಯುವವನಿಗೆ ಸಾಕಾಗುವ ಬಟ್ಟೆ ನಿಂತವನಿಗೆ ಸಾಲದು.

ತೇಲಿಸುವ ಉಡುಪು: ಆರು ಬಗೆ, ಒಂದೇ ಕೆಲಸವಲ್ಲ

ಕಾನೂನಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನ್ಯೂಯಾರ್ಕ್ ರಾಜ್ಯದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ, 21 ಅಡಿಗಿಂತ ಚಿಕ್ಕದಾದ ವಿಹಾರದ ದೋಣಿಯಲ್ಲಿರುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ಟನ್ನು ತೊಟ್ಟೇ ಇರಬೇಕು. ಸೀಟಿನ ಕೆಳಗೆ ಇಟ್ಟಿದ್ದೇವೆ ಎಂದರೆ ನಡೆಯುವುದಿಲ್ಲ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ 16 ಅಡಿಗಿಂತ ಚಿಕ್ಕ ದೋಣಿಗಳಿಗೂ ಎಲ್ಲ ಕನೂ, ಕಯಾಕ್‌ಗಳಿಗೂ ಇಂಥದೇ ನಿಯಮವಿದೆ. ಲೆಕ್ಕಕ್ಕೆ ಬರುವುದು ಅಮೆರಿಕದ ಕೋಸ್ಟ್ ಗಾರ್ಡ್‌ನ ಅನುಮೋದನೆಯ ಸಂಖ್ಯೆ ಒಳಗಿನ ಪಟ್ಟಿಯಲ್ಲಿ ಅಚ್ಚಾಗಿರುವ ಉಡುಪು ಮಾತ್ರ. ಅಂಗಡಿಯಲ್ಲಿ ಬಣ್ಣ, ಜೇಬು ನೋಡುವ ಮೊದಲು ಕಾಲರಿನ ಹಿಂದೆ ಆ ಪಟ್ಟಿ ಇದೆಯೇ ಎಂದು ತಿರುಗಿಸಿ ನೋಡಿ.

ಎಲ್ಲಕ್ಕಿಂತ ಅಗ್ಗವಾದದ್ದು ಫೋಮ್ ತುಂಬಿದ ತೋಳಿಲ್ಲದ ಲೈಫ್ ಜಾಕೆಟ್. ವಯಸ್ಕರೊಬ್ಬರ ತಲೆಯನ್ನು ನೀರಿನ ಮೇಲೆ ಹಿಡಿದಿಡಲು ಸಾಮಾನ್ಯವಾಗಿ 3ರಿಂದ 5 ಕಿಲೋಗ್ರಾಂನಷ್ಟು ಹೆಚ್ಚುವರಿ ತೇಲುಬಲ ಸಾಕು. ಇದು ಸುಮಾರು 7 ಕಿಲೋಗ್ರಾಂನಷ್ಟನ್ನು ಕೊಡುತ್ತದೆ. ಕೆಡುವ ಯಂತ್ರವಿಲ್ಲ, ಎಳೆಯಬೇಕಾದ ದಾರವಿಲ್ಲ, ಪ್ರಜ್ಞೆ ಇರಲಿ ಇಲ್ಲದಿರಲಿ ತೇಲುತ್ತದೆ, ಮೇಲಾಗಿ ಎದೆಗೆ ಫೋಮಿನ ಬಿಸುಪೂ ಸಿಗುತ್ತದೆ. ಇದರ ದೋಷವೆಂದರೆ ಬೇಸಿಗೆಯ ಅಳತೆಗೆ ಕೊಂಡದ್ದು ಚಳಿಗಾಲದ ಮೂರು ಪದರಗಳ ಮೇಲೆ ಜಿಪ್ ಕೂಡುವುದಿಲ್ಲ. ಜಿಪ್ ಕೂಡದಿದ್ದರೆ, ನೀರಿನಲ್ಲಿ ತೊಟ್ಟವನು ಒಂದು ಕಡೆ, ಜಾಕೆಟ್ ಒಂದು ಕಡೆ ಆಗಲು ಅಷ್ಟೇ ಸಾಕು. ಚಳಿಗಾಲಕ್ಕೆಂದೇ ಒಂದು ಅಳತೆ ದೊಡ್ಡದನ್ನು ಕೊಂಡು, ಪಕ್ಕದ ಪಟ್ಟಿಗಳನ್ನು ಬಿಗಿದುಕೊಳ್ಳುವುದು ಲೇಸು.

ಗಾಳಿ ತುಂಬಿಕೊಳ್ಳುವ ಲೈಫ್ ಜಾಕೆಟ್ ಹೆಗಲ ಮೇಲಿನ ತೆಳು ಪಟ್ಟಿಯಷ್ಟೇ ಇರುತ್ತದೆ, ಉಬ್ಬಿದಾಗ ಫೋಮಿಗಿಂತ ಹೆಚ್ಚು ತೇಲಿಸುತ್ತದೆ, ಬೇಸಿಗೆಗೆ ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಚಳಿಗಾಲಕ್ಕೆ ಬಂದರೆ ನನಗೆ ಇದರ ಮೇಲೆ ಅಷ್ಟು ಭರವಸೆಯಿಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿದ ಚಿಕ್ಕ ಸಿಲಿಂಡರ್ ತಣ್ಣಗಾದಷ್ಟೂ ಅನಿಲ ನಿಧಾನವಾಗಿ, ಕಡಿಮೆ ಒತ್ತಡದಲ್ಲಿ ಬರುತ್ತದೆ. ಸುಮಾರು 4 ಡಿಗ್ರಿಗಿಂತ ಕೆಳಗೆ ಬಳಸುವುದಾದರೆ ಬಾಯಿಯಿಂದ ಊದಿ ಮೊದಲೇ ಸ್ವಲ್ಪ ಉಬ್ಬಿಸಿಟ್ಟುಕೊಳ್ಳಿ ಎಂದು ಕೈಪಿಡಿಗಳೇ ಹೇಳುತ್ತವೆ. ಕೈಯಿಂದ ಎಳೆಯುವ ಬಗೆಗೆ ಬೆರಳು ಚುರುಕಾಗಿರಬೇಕು. ತಾನಾಗಿ ಉಬ್ಬುವ ಬಗೆಗಳಲ್ಲಿ, ನೀರಿಗೆ ಕರಗುವ ಬಿಲ್ಲೆ ಇರುವಂಥದು ಬಿರುಸಾದ ಮಳೆಗೋ ಸಿಡಿತಕ್ಕೋ ದೋಣಿಯಲ್ಲಿಯೇ ಢಬ್ಬೆಂದು ಉಬ್ಬಬಹುದು. ನೀರಿನ ಒತ್ತಡಕ್ಕೆ ತೆರೆದುಕೊಳ್ಳುವ ಬಗೆ ಸುಮಾರು 10 ಸೆಂಟಿಮೀಟರ್ ಆಳಕ್ಕೆ ಹೋದಾಗ ಮಾತ್ರ ಕೆಲಸ ಮಾಡುವುದರಿಂದ ಅದು ಮೇಲು, ಬೆಲೆಯೂ ಮೇಲೆಯೇ. ಇದನ್ನು ಕೊಳ್ಳುವವರು ಒಂದು ಮಾತನ್ನು ಮರೆಯಬಾರದು. ಚಳಿಯೆಂದು ಇದರ ಮೇಲೆ ಜರ್ಕಿನ್ ತೊಟ್ಟು ಗುಂಡಿ ಹಾಕಿಕೊಂಡರೆ, ಉಬ್ಬುವಾಗ ಹೊರಕ್ಕೆ ಜಾಗವಿಲ್ಲದೆ ಅದು ಎದೆಯನ್ನೇ ಒತ್ತುತ್ತದೆ. ಇದು ಯಾವಾಗಲೂ ಎಲ್ಲಕ್ಕಿಂತ ಹೊರಗೆ ಇರಬೇಕು.

ಮೂರನೆಯದು ಫ್ಲೋಟ್ ಕೋಟ್: ನೋಡಲು ಸಾಮಾನ್ಯ ಜರ್ಕಿನ್, ಅಸ್ತರಿಯೊಳಗೆ ಮೆದು ಫೋಮಿನ ಹಾಳೆಗಳು. ಜಾಕೆಟ್ಟೂ ಇದೇ, ಲೈಫ್ ಜಾಕೆಟ್ಟೂ ಇದೇ ಆದ್ದರಿಂದ ತೆಗೆದಿಡುವ ಆಸೆಯೇ ಹುಟ್ಟುವುದಿಲ್ಲ, ಮತ್ತು ನನ್ನ ಲೆಕ್ಕದಲ್ಲಿ ಸುರಕ್ಷತೆಯ ಉಡುಪಿಗೆ ಇದಕ್ಕಿಂತ ದೊಡ್ಡ ಗುಣವಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಇದು ಏನೂ ಮಾಡದು. ಇನ್ನೊಂದು ದೋಷ ನನಗೆ ಗೊತ್ತಾದದ್ದು ಜೂನ್ ತಿಂಗಳಲ್ಲಿ, ಗೆಳೆಯರ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ. ಅಲ್ಲಿ ಮಕ್ಕಳೆಲ್ಲ ನಗುತ್ತಿರಲು ಕೋಟು ತೊಟ್ಟುಕೊಂಡೇ ಇಳಿದೆ. ನೀರು ಎದೆಗೆ ಬರುತ್ತಿದ್ದಂತೆ ಕೋಟು ತಾನು ಮೇಲೆದ್ದಿತು, ನಾನು ಕೆಳಗೇ ಉಳಿದೆ. ಕಾಲರು ಕಿವಿಯವರೆಗೆ ಬಂದು ಗದ್ದವನ್ನು ಒತ್ತಿ ಹಿಡಿಯಿತು, ಬಾಯಿ ನೀರಿನ ಮಟ್ಟಕ್ಕೆ ಇಳಿಯಿತು. ಕೋಟಿನ ಹಿಂಭಾಗದಲ್ಲಿ ಮಡಿಸಿಟ್ಟಿದ್ದ ಪಟ್ಟಿಯನ್ನು ತೊಡೆಗಳ ನಡುವಿನಿಂದ ತಂದು ಮುಂದೆ ಸಿಕ್ಕಿಸಬೇಕೆಂದು ಕಾಗದದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಪಟ್ಟಿ ಸಿಕ್ಕಿಸಿ ಮತ್ತೆ ಇಳಿದಾಗ ಭುಜದ ಮೇಲೆ ಯಾರೋ ಎತ್ತಿ ಹಿಡಿದಂತೆ ನಿಂತಿತು. ಕೊಂಡದ್ದು ಯಾವುದೇ ಆಗಲಿ, ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ, ಜೊತೆಗೆ ಒಬ್ಬರನ್ನು ಇಟ್ಟುಕೊಂಡು, ಒಮ್ಮೆ ಹೀಗೆ ಇಳಿದು ನೋಡಬೇಕು.

ನಾಲ್ಕನೆಯದು ಕುತ್ತಿಗೆಯಿಂದ ಪಾದದ ಗಂಟಿನವರೆಗೆ ಒಂದೇ ತುಂಡಾಗಿ ಬರುವ ತೇಲುವ ಸೂಟ್. ಕೋಸ್ಟ್ ಗಾರ್ಡ್‌ನವರೂ ಬಂದರಿನ ಕೆಲಸಗಾರರೂ ತೊಡುವ ಕಿತ್ತಳೆ ಬಣ್ಣದ ದಪ್ಪ ಸೂಟುಗಳನ್ನು ನೀವು ಕಂಡಿರಬಹುದು. ಮಣಿಕಟ್ಟು, ಕುತ್ತಿಗೆ, ಕಾಲಿನ ಗಂಟುಗಳಲ್ಲಿ ವೆಲ್ಕ್ರೋ ಬಿಗಿದರೆ ಒಳಗೆ ಬಂದ ನೀರು ಮತ್ತೆ ಮತ್ತೆ ಬದಲಾಗದೆ ಮೈಬಿಸಿಯನ್ನು ಸ್ವಲ್ಪ ಕಾಲ ಹಿಡಿದಿಡುತ್ತದೆ. ಫೋಮ್ ಕಾಲುಗಳವರೆಗೂ ಇರುವುದರಿಂದ ಫ್ಲೋಟ್ ಕೋಟಿಗಿಂತ ಹೆಚ್ಚಿನ ಸಮಯ ಸಿಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ ಎಂಬುದನ್ನು ನೆನೆದರೆ ಆ ಸಮಯಕ್ಕೆ ಬೆಲೆ ಕಟ್ಟಲಾಗದು. ತೊಟ್ಟುಕೊಂಡಾಗ ಮಾತ್ರ ಇದು ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಕಷ್ಟವೇನೆಂದರೆ, ದೋಣಿಯನ್ನು ಟ್ರೇಲರಿನಿಂದ ಇಳಿಸುವ ಹೊತ್ತಿಗೇ ಬೆವರು ಬರಿಸುತ್ತದೆ, ಮತ್ತು ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಬಂದವರಿಗೆ ಒಂದೇ ತುಂಡಿನ ಉಡುಪು ತರುವ ಪಜೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯದರ ಬಗ್ಗೆ ಎಚ್ಚರಿಕೆ ಬೇಕು. ಮಂಜುಗಡ್ಡೆಯ ಮೇಲೆ ಕೂತು ತೂತಿನಲ್ಲಿ ಮೀನು ಹಿಡಿಯುವವರಿಗಾಗಿ ಮಾಡಿದ ಬಿಬ್ ಮತ್ತು ಜಾಕೆಟ್ಟಿನ ಜೋಡಿಗಳು ಇಂದು ಎಲ್ಲ ಅಂಗಡಿಗಳಲ್ಲೂ ತುಂಬಿವೆ. ಬಿಬ್ ಎಂದರೆ ಹೆಗಲಪಟ್ಟಿಯಿರುವ, ಎದೆಯವರೆಗೆ ಬರುವ ಪ್ಯಾಂಟ್. ಇವು ಬಹಳ ಬೆಚ್ಚಗಿರುತ್ತವೆ, ಮೊಣಕಾಲಿಗೆ ಮೆತ್ತೆ ಇರುತ್ತದೆ, ಗಾಳಿ ಒಳಗೆ ಸುಳಿಯುವುದಿಲ್ಲ, ನೋಡಲೂ ಚೆಂದ. ಅನೇಕವುಗಳ ಮೇಲೆ ‘ಫ್ಲೋಟ್ ಅಸಿಸ್ಟ್’ ಎಂದು ಬರೆದಿರುತ್ತದೆ, ಅಂದರೆ ತೇಲಲು ನೆರವಾಗುತ್ತದೆ ಎಂದಷ್ಟೇ. ಮಂಜುಗಡ್ಡೆ ಒಡೆದು ಬಿದ್ದವನಿಗೆ ಅಂಚನ್ನು ಹಿಡಿದು ಮೇಲೆ ಹತ್ತುವವರೆಗೆ ಒತ್ತಾಸೆಯಾಗಲಿ ಎಂದು ಮಾಡಿದ್ದು ಅದು; ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಗುವವನ ಮುಖವನ್ನು ಮೇಲಿಡುವ ಭರವಸೆ ಅದರಲ್ಲಿಲ್ಲ, ಅನುಮೋದನೆಯ ಸಂಖ್ಯೆಯೂ ಸಾಮಾನ್ಯವಾಗಿ ಇರುವುದಿಲ್ಲ. ಕೊಳ್ಳಬೇಡಿ ಎನ್ನುವುದಿಲ್ಲ. ಅದನ್ನು ಬೆಚ್ಚನೆಯ ಬಟ್ಟೆ ಎಂದು ಕೊಳ್ಳಿ, ಅದರ ಮೇಲೆ ಫೋಮಿನ ಲೈಫ್ ಜಾಕೆಟ್ ತೊಡಿ.

ಕೊನೆಯದು ಡ್ರೈಸೂಟ್. ಕುತ್ತಿಗೆಗೂ ಮಣಿಕಟ್ಟಿಗೂ ರಬ್ಬರಿನ ಬಿಗಿಪಟ್ಟಿಯಿದ್ದು ನೀರು ಒಳಗೇ ಬರದಂತೆ ತಡೆಯುವ ಇದಕ್ಕೆ ನೀರಿನಲ್ಲಿ ಸಾಟಿಯಿಲ್ಲ. ಆದರೆ ಬಟ್ಟೆ ತೆಳುವಾದ್ದರಿಂದ ತಾನಾಗಿ ಬೆಚ್ಚಗಿಡದು, ಒಳಗೆ ಉಣ್ಣೆ ಬೇಕು. ಮೇಲೆ ಲೈಫ್ ಜಾಕೆಟ್ ಬೇಕು. ಬೆಲೆ ಸುಲಭವಾಗಿ ಸಾವಿರ ಡಾಲರಿನ ಸುತ್ತಮುತ್ತ ಹೋಗುತ್ತದೆ. ಮೂರು ಮುಳ್ಳಿನ ಗಾಳವೊಂದು ತೊಡೆಗೆ ಸಿಕ್ಕಿಕೊಂಡರೆ ಆ ದಿನಕ್ಕೆ ಅದು ಡ್ರೈಸೂಟ್ ಅಲ್ಲ. ಕಯಾಕಿನಲ್ಲಿ ಒಬ್ಬರೇ ಹೋಗುವವರಿಗೆ ಇದನ್ನು ಬಿಟ್ಟು ಬೇರೆ ದಾರಿ ತೋರಿಸಲಾರೆ. ಇನ್ನೊಬ್ಬರ 18 ಅಡಿಯ ದೋಣಿಯಲ್ಲಿ ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಅಷ್ಟು ಬೇಕಿಲ್ಲ. ಅವರಿಗೆ ಪಟ್ಟಿಯಿರುವ ಫ್ಲೋಟ್ ಕೋಟೂ ಕಾಲಿಗೆ ದಪ್ಪ ಬಿಬ್ಬೂ ಸಾಕೆಂಬುದು ನನ್ನ ಅಭಿಪ್ರಾಯ. ಒಂಟಾರಿಯೊ ಸರೋವರದ ತೆರೆದ ನೀರಿಗೆ, ನೆರವು ಬರಲು ಹೊತ್ತಾಗುವ ಕಡೆಗೆ ಹೋಗುವುದಾದರೆ ಒಂದೇ ತುಂಡಿನ ಸೂಟ್.

ಹೊರಪದರ: ಪಿವಿಸಿಯೋ, ಉಸಿರಾಡುವ ಬಟ್ಟೆಯೋ

ನಾರ್ವೆಯ ಮೊಸ್ ಎಂಬಲ್ಲಿ 1877ರಲ್ಲಿ ಹೆಲ್ಲಿ ಯುಎಲ್ ಹ್ಯಾನ್ಸನ್ ಎಂಬ ಹಡಗಿನ ಕಪ್ತಾನ ನಾರುಬಟ್ಟೆಗೆ ಅಗಸೆ ಎಣ್ಣೆ ಕುಡಿಸಿ ನಾವಿಕರಿಗೆ ಮಳೆಯಂಗಿ ಮಾಡಿ ಮಾರಲು ತೊಡಗಿದ. ಇಂದು ಮೀನುಗಾರರು ತೊಡುವ ಪಿವಿಸಿ ಲೇಪದ ದಪ್ಪ ಬಿಬ್ಬುಗಳು ಅದೇ ವಂಶದವು. ಇವು ನೀರನ್ನು ಸಂಪೂರ್ಣ ತಡೆಯುತ್ತವೆ, ಮೀನಿನ ಲೋಳೆ, ರಕ್ತ ಒಂದು ಬಕೆಟ್ ನೀರಿಗೆ ಹೋಗುತ್ತದೆ, ಗಾಳ ಸಿಕ್ಕಿ ಹರಿದರೆ ತೇಪೆ ಹಚ್ಚಬಹುದು, ಬೆಲೆಯೂ ಕಡಿಮೆ. ಬೆವರು ಮಾತ್ರ ಹೊರಗೆ ಹೋಗುವುದಿಲ್ಲ. ಗೋರ್‌ಟೆಕ್ಸ್ ಜಾತಿಯ ಬಟ್ಟೆಗಳು ಬೆವರಿನ ಆವಿಯನ್ನು ಹೊರಬಿಟ್ಟು ಹನಿಯನ್ನು ತಡೆಯುತ್ತವೆ. ಆದರೆ ಅವುಗಳ ಮೇಲ್ಮೈ ಮೀನಿನ ಎಣ್ಣೆ, ಮಣ್ಣು ಹತ್ತಿ ಕೊಳೆಯಾದಾಗ ನೀರು ಹನಿಯಾಗಿ ಉರುಳದೆ ಬಟ್ಟೆಯ ಮೇಲೆ ಹರಡಿ ನಿಲ್ಲುತ್ತದೆ, ಆಗ ಆವಿ ಹೊರಹೋಗುವುದೂ ನಿಲ್ಲುತ್ತದೆ. ಬೆಟ್ಟ ಹತ್ತುವವನಿಗೆ ಆ ಗುಣ ಬೇಕು. ದೋಣಿಯಲ್ಲಿ ನಿಂತವನು ಬೆವರುವುದು ಅಷ್ಟಕ್ಕಷ್ಟೇ, ಆದ್ದರಿಂದ ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಪಿವಿಸಿ ಬಿಬ್ ಕೊಂಡು, ಉಳಿದ ದುಡ್ಡನ್ನು ಫ್ಲೋಟ್ ಕೋಟಿಗೆ ಹಾಕಿ.

ಒಳಪದರ: ಕಂಬಳಿ ಕೊಪ್ಪೆಯ ಪಾಠ

ಇಲ್ಲಿನ ಅಂಗಡಿಯವರು ‘ಪದರಗಳಲ್ಲಿ ಉಡಿ’ ಎಂದು ಹೊಸ ವಿದ್ಯೆಯಂತೆ ಹೇಳುವಾಗ ನನಗೆ ಮಲೆನಾಡಿನ ನಾಟಿಯ ಗದ್ದೆ ನೆನಪಾಗುತ್ತದೆ. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಬಗ್ಗಿ ಕೆಲಸ ಮಾಡುವವರ ಕಂಬಳಿ ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಭಾರವಾಗಿರುತ್ತದೆ, ಆದರೂ ಒಳಗೆ ಬೆಚ್ಚಗಿರುತ್ತದೆ. ಕರಾವಳಿಯವರು ಬೆನ್ನಿಗೆ ಗೊರಬು ಹಾಕಿಕೊಂಡು ನೀರನ್ನೇ ಜಾರಿಸಿಬಿಡುತ್ತಾರೆ. ಉಣ್ಣೆ ಒಳಗೆ, ಗೊರಬು ಹೊರಗೆ: ಚಳಿಗಾಲದ ದೋಣಿಯ ಉಡುಪಿಗೆ ಬೇಕಾದದ್ದು ಈ ಎರಡರ ಜೋಡಿಯೇ.

ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಲು ಒದ್ದೆ ಎನಿಸುವುದಿಲ್ಲ. ಎಳೆಯ ಗುಂಗುರು ಕುಗ್ಗದೆ ಗಾಳಿಯನ್ನು ಹಿಡಿದಿರುತ್ತದೆ. ಮೈಗೆ ತಾಗುವ ಪದರಕ್ಕೆ ತೆಳು ಮೆರಿನೊ ಉಣ್ಣೆಗೆ ಸಮನಾದದ್ದಿಲ್ಲ, ಚುಚ್ಚುವುದೂ ಇಲ್ಲ, ಎರಡು ದಿನ ತೊಟ್ಟರೂ ವಾಸನೆ ಬರುವುದಿಲ್ಲ. ಪಾಲಿಯೆಸ್ಟರ್ ಥರ್ಮಲ್ ಬೇಗ ಒಣಗುತ್ತದೆ, ಅರ್ಧ ಬೆಲೆಗೆ ಸಿಗುತ್ತದೆ, ಸಂಜೆಗೆ ನಾರುತ್ತದೆ. ಅದರ ಮೇಲಿನ ನಡುಪದರಕ್ಕೆ ಫ್ಲೀಸ್ ಒಳ್ಳೆಯದು. ಮ್ಯಾಸಚೂಸೆಟ್ಸ್‌ನ ಗಿರಣಿಯೊಂದರಲ್ಲಿ 1979ರಲ್ಲಿ ಹುಟ್ಟಿದ ಈ ಬಟ್ಟೆಯ ಎಳೆ ನೀರನ್ನು ಹೀರುವುದೇ ಇಲ್ಲ ಎನ್ನಬಹುದು. ಒದ್ದೆಯಾದರೆ ಕಳಚಿ, ಹಿಂಡಿ, ಕೊಡವಿ ಮತ್ತೆ ತೊಟ್ಟುಕೊಳ್ಳಬಹುದು. ಗಾಳಿಗೆ ಮಾತ್ರ ಅದು ಜರಡಿಯಿದ್ದಂತೆ, ಮೇಲೆ ಹೊರಪದರ ಬೇಕೇ ಬೇಕು. ಡೌನ್ ಒಣಗಿರುವಾಗ ಇವೆಲ್ಲವನ್ನೂ ಮೀರಿಸುತ್ತದೆ, ನೆನೆದಾಗ ಹಕ್ಕಿಯ ಪುಕ್ಕವೆಲ್ಲ ಮುದ್ದೆಯಾಗಿ ಜೇಬಿನ ಮೂಲೆಗೆ ಸೇರುತ್ತದೆ. ಅದನ್ನು ಕಾರಿನಲ್ಲಿ ಬಿಟ್ಟು ಬನ್ನಿ. ಹತ್ತಿಯನ್ನು ಒಳಚಡ್ಡಿಯಿಂದ ಕಾಲುಚೀಲದವರೆಗೆ ಎಲ್ಲಿಯೂ ಇಟ್ಟುಕೊಳ್ಳಬೇಡಿ, ಅದು ಕುಡಿದ ನೀರನ್ನು ಬಿಡುವುದೇ ಇಲ್ಲ. ನಮ್ಮಲ್ಲಿ ಅನೇಕರು ಬನಿಯನ್ ಹತ್ತಿಯದು ಎಂಬುದನ್ನೇ ಮರೆತುಬಿಡುತ್ತಾರೆ, ಮೇಲೆ ನೂರು ಡಾಲರಿನ ಮೆರಿನೊ ತೊಟ್ಟು ಒಳಗೆ ಒದ್ದೆ ಬನಿಯನ್ನಿನಲ್ಲಿ ನಡುಗುತ್ತಾರೆ.

ಬೆಳಿಗ್ಗೆ ಎಲ್ಲ ಪದರಗಳನ್ನೂ ಮನೆಯಲ್ಲೇ ತೊಟ್ಟು ಹೊರಡಬಾರದು. ಕಾರಿನ ಹೀಟರಿನಲ್ಲಿ ಒಂದು ಗಂಟೆ ಬೆವರಿ, ಒದ್ದೆ ಮೈಯಲ್ಲಿ ದೋಣಿ ಹತ್ತಿದಂತಾಗುತ್ತದೆ. ಒಳಪದರದಲ್ಲಿ ಹೋಗಿ, ಉಳಿದದ್ದನ್ನು ದಡದಲ್ಲಿ ತೊಡಿ.

ಕೈ: ಎಲ್ಲರೂ ಸೋಲುವ ಜಾಗ

ಮೈಯೆಲ್ಲ ಬೆಚ್ಚಗಿದ್ದರೂ ದೋಣಿಯಿಂದ ಬೇಗ ಹಿಂದಿರುಗುವಂತೆ ಮಾಡುವುದು ಬೆರಳು. ಗಂಟು ಹಾಕಬೇಕು, ಮೀನಿನ ಮೊಟ್ಟೆಯ ಪೊಟ್ಟಣವನ್ನು ಗಾಳಕ್ಕೆ ಸಿಕ್ಕಿಸಬೇಕು, ರಾಡಿನ ಬಳೆಗಳಲ್ಲಿ ಕಟ್ಟಿದ ಮಂಜನ್ನು ಉಗುರಿನಿಂದ ಚಿವುಟಿ ತೆಗೆಯಬೇಕು, ಬಲೆಯಲ್ಲಿ ಹೊರಳುವ ಮೀನನ್ನು ಒದ್ದೆ ಕೈಯಿಂದ ಹಿಡಿದು ಗಾಳ ಬಿಡಿಸಬೇಕು. ಇವನ್ನೆಲ್ಲ ಮಾಡಲು ಬಿಡುವ, ಆದರೂ ಬೆಚ್ಚಗಿಡುವ ಒಂದೇ ಗ್ಲೌಸ್ ಇದೆ ಎಂದು ಯಾರಾದರೂ ಮಾರಿದರೆ ನಂಬಬೇಡಿ.

ರಬ್ಬರಿನಂಥ ನಿಯೊಪ್ರೀನಿನ ಗ್ಲೌಸ್ ಒದ್ದೆಯಾದರೂ ಕೆಲಸ ಮಾಡುತ್ತದೆ, ಗಾಳಿ ತಡೆಯುತ್ತದೆ, ಬೆರಳತುದಿಯನ್ನು ಮಡಿಚುವ ಸೀಳಿರುವುದು ಸಿಗುತ್ತದೆ. ಆದರೆ ಹೊಲಿಗೆಯಿಂದ ನೀರು ಒಳಗೆ ಹೋದ ಮೇಲೆ ಕಳಚಿ ಮತ್ತೆ ತೊಡುವುದೇ ಒಂದು ಸಾಹಸ. ಬೆರಳತುದಿಯಿಲ್ಲದ ಉಣ್ಣೆಯ ಗ್ಲೌಸ್ ಹತ್ತು ಡಾಲರಿಗೂ ಸಿಗುತ್ತದೆ, ನೆನೆದರೆ ಹಿಂಡಿ ತೊಡಬಹುದು. ಒಳಗೆ ಅಸ್ತರಿಯಿರುವ ಪಿವಿಸಿ ಗ್ಲೌಸ್ ಮಂಜುಗಟ್ಟಿದ ಹಗ್ಗ, ಲಂಗರು ಎಳೆಯಲು ಶ್ರೇಷ್ಠ, ಗಂಟು ಹಾಕಲು ನಿರುಪಯೋಗಿ. ಮೇನ್ ರಾಜ್ಯದ ಕರಾವಳಿಯ ಹಳೆಯ ಮೀನುಗಾರರು ಇನ್ನೊಂದೇ ದಾರಿ ಕಂಡುಕೊಂಡಿದ್ದರು: ಬಹಳ ದೊಡ್ಡ ಅಳತೆಗೆ ಹೆಣೆದ ಉಣ್ಣೆಯ ಕೈಚೀಲಗಳನ್ನು ಕುಗ್ಗಿಸಿ ಗಟ್ಟಿ ಕಂಬಳಿಯಂತೆ ಮಾಡಿ, ಪ್ರತಿ ಬೆಳಿಗ್ಗೆ ಬೇಕೆಂದೇ ಸಮುದ್ರದ ನೀರಿನಲ್ಲಿ ಅದ್ದಿ ಹಿಂಡಿ ತೊಡುತ್ತಿದ್ದರು. ಒದ್ದೆಯಾಗುವುದು ಖಂಡಿತವಾದರೆ ಒದ್ದೆಯಲ್ಲೇ ಬೆಚ್ಚಗಿರುವುದನ್ನು ಆರಿಸು ಎಂಬ ಆ ಲೆಕ್ಕ ಕಂಬಳಿ ಕೊಪ್ಪೆಯ ಲೆಕ್ಕವೇ.

ಮೂರು ಜೊತೆ ತೆಗೆದುಕೊಂಡು ಹೋಗುವುದು ನನ್ನ ಪದ್ಧತಿ: ಕೆಲಸಕ್ಕೆ ಬೆರಳಿಲ್ಲದ ಉಣ್ಣೆಯದು, ದೋಣಿ ಓಡುವಾಗ ಅದರ ಮೇಲೆ ದೊಡ್ಡ ಪಿವಿಸಿಯದು, ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ್ದು ಇನ್ನೊಂದು. ಮೀನು ಮುಟ್ಟುವಾಗ ಎಲ್ಲವನ್ನೂ ಕಳಚುತ್ತೇನೆ, ಮುಗಿದ ಕೂಡಲೇ ಬಿಬ್ಬಿಗೆ ಕಟ್ಟಿಕೊಂಡ ಚಿಕ್ಕ ಟವೆಲಿನಲ್ಲಿ ಕೈ ಒರೆಸುತ್ತೇನೆ. ಗ್ಲೌಸ್ ಯಾವುದೆಂಬುದಕ್ಕಿಂತ ಆ ಟವೆಲ್ ಹೆಚ್ಚು ಉಪಕಾರ ಮಾಡಿದೆ. ಅಂಗೈಯಲ್ಲಿ ಇಟ್ಟುಕೊಳ್ಳುವ ಬಿಸಿಪೊಟ್ಟಣದೊಳಗಿನ ಕಬ್ಬಿಣದ ಪುಡಿಗೆ ಬಿಸಿಯಾಗಲು ಗಾಳಿ ಬೇಕು. ಅದನ್ನು ಬಿಗಿಯಾದ ನಿಯೊಪ್ರೀನಿನೊಳಗೆ ತುರುಕಿದರೆ ಅಥವಾ ನೆನೆಸಿದರೆ ಆರಿಹೋಗುತ್ತದೆ. ಅದರ ಜಾಗ ಜರ್ಕಿನ್ನಿನ ಒಣ ಜೇಬು.

ದೋಣಿ ನಡೆಸುವವರಿಗೆ ಇನ್ನೊಂದು ಮಾತು. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವ ದಾರವನ್ನು, 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ವೇಗವಾಗಿ ಸಾಗುವಾಗ ಸಿಕ್ಕಿಸಿಕೊಂಡಿರಬೇಕೆಂದು 2021ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ ಕಾನೂನಿದೆ. ಅದನ್ನು ಕಳಚಿಹೋಗುವ ಗ್ಲೌಸಿಗಾಗಲಿ ತೋಳಿಗಾಗಲಿ ಅಲ್ಲ, ಲೈಫ್ ಜಾಕೆಟ್ಟಿನ ಬಳೆಗೆ ಸಿಕ್ಕಿಸಬೇಕು.

ಕಾಲು ಮತ್ತು ತಲೆ

ಕಾಲಿಗೆ ಅಸ್ತರಿಯಿರುವ ರಬ್ಬರ್ ಬೂಟ್ ಸಾಕು, ಆದರೆ ಒಂದು ಅಳತೆ ದೊಡ್ಡದಿರಬೇಕು. ಬೂಟು ಬಿಗಿಯಿದೆಯೆಂದು ಗೊತ್ತಿದ್ದೂ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಒಂದು ಜೊತೆಗಿಂತ ಹೆಚ್ಚು ಚಳಿಯಾಗುತ್ತದೆ. ಅಲ್ಯೂಮಿನಿಯಂ ದೋಣಿಯ ತಳ ಕಾಲಿನ ಬಿಸಿಯನ್ನು ಹೀರುತ್ತದೆ, ಅಲ್ಲಿ ರಬ್ಬರಿನ ಚಾಪೆಯ ಮೇಲೆ ನಿಲ್ಲಿ. ಹೊಳೆಯಲ್ಲಿ ಇಳಿದು ಮೀನು ಹಿಡಿಯುವವರು ತೊಡುವ ಎದೆಯೆತ್ತರದ ವೇಡರ್‌ಗಳನ್ನು ದೋಣಿಯಲ್ಲಿ ತೊಡುವ ರೂಢಿ ಇಲ್ಲಿ ಬೇಕಾದಷ್ಟಿದೆ, ಅದು ನನಗೆ ಸರಿಯೆನಿಸಿಲ್ಲ. ಒಳಗೆ ತುಂಬಿದ ನೀರು ನೀರಿನಲ್ಲಿ ಭಾರವಾಗದ್ದರಿಂದ ಅದು ನೇರವಾಗಿ ತಳಕ್ಕೆ ಎಳೆಯುತ್ತದೆ ಎಂಬ ಮಾತು ನಿಜವಲ್ಲ. ಆದರೆ ಕಾಲಾಡಿಸಲು ಬಿಡುವುದಿಲ್ಲ, ಮತ್ತು ದೋಣಿಯ ಅಂಚನ್ನು ಹಿಡಿದು ಮೇಲೇರಲು ಹೋದಾಗ ಅಷ್ಟೂ ನೀರಿನ ಭಾರ ಕಾಲಿಗೆ ಜೋತುಬೀಳುತ್ತದೆ.

ತಲೆಯ ಮೂಲಕವೇ ಮೈಬಿಸಿಯ ಅರ್ಧದಷ್ಟು ಹೋಗುತ್ತದೆ ಎಂಬುದೂ ಉತ್ಪ್ರೇಕ್ಷೆ. ತಲೆ ಮೈಯ ಮೇಲ್ಮೈಯಲ್ಲಿ ಹತ್ತರಲ್ಲಿ ಒಂದು ಭಾಗ ಮಾತ್ರ. ಆದರೂ ಕಿವಿ, ಗದ್ದ, ಮೂಗಿನ ತುದಿ ಮುಚ್ಚದೆ ದೋಣಿಯಲ್ಲಿ ಐದು ನಿಮಿಷ ನಿಲ್ಲಲಾಗದು. ಇದಕ್ಕೆ ಇಲ್ಲಿ ಹೊಸ ಹೆಸರಿನ, ಹೆಚ್ಚಿನ ಬೆಲೆಯ ಎಷ್ಟೋ ಬಟ್ಟೆಗಳಿವೆ, ಊರಿನಿಂದ ಅಮ್ಮ ಕಟ್ಟಿ ಕಳುಹಿಸಿದ ಉಣ್ಣೆಯ ಮಂಕಿ ಕ್ಯಾಪ್ ಅವೆಲ್ಲವುಗಳಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಜರ್ಕಿನ್ನಿನ ಟೋಪಿ ಅದರ ಮೇಲೆ ಹಿಡಿಸುವಷ್ಟು ದೊಡ್ಡದಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಕೊಳ್ಳುವ ಕ್ರಮ

ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಾಗಿಲ್ಲ. ಮೊದಲ ವರ್ಷ ಚಳಿಗಾಲದ ಅಳತೆಯ ಫೋಮ್ ಲೈಫ್ ಜಾಕೆಟ್, ಪಿವಿಸಿ ಬಿಬ್, ಒಂದು ಜೊತೆ ಉಣ್ಣೆಯ ಒಳಪದರ, ಬೆರಳಿಲ್ಲದ ಗ್ಲೌಸ್. ಇಷ್ಟರಲ್ಲಿ ಜಾಕೆಟ್ಟಾಗಿ ಮನೆಯಲ್ಲಿರುವ ಫ್ಲೀಸ್ ಮತ್ತು ರೇನ್‌ಕೋಟ್ ನಡೆಯುತ್ತದೆ. ಈ ಹವ್ಯಾಸ ಎರಡನೆಯ ವರ್ಷಕ್ಕೂ ಉಳಿದರೆ ಫ್ಲೋಟ್ ಕೋಟ್, ಆಮೇಲೆ ಬೂಟ್. ಕೊಳ್ಳುವ ದಿನ ಅಂಗಡಿಗೆ ಒಳಪದರಗಳನ್ನು ತೊಟ್ಟುಕೊಂಡೇ ಹೋಗಿ, ಎಲ್ಲವನ್ನೂ ಮೇಲೆ ಹಾಕಿ, ರಾಡ್ ಬೀಸುವಂತೆ ಕೈ ಎತ್ತಿ, ಕುಕ್ಕರುಗಾಲಿನಲ್ಲಿ ಕೂತು, ಒಂದು ಮೊಣಕಾಲನ್ನು ಸೊಂಟದವರೆಗೆ ಎತ್ತಿ ನೋಡಬೇಕು. ದೋಣಿಯ ಅಂಚನ್ನು ದಾಟಿ ಒಳಗೆ ಬರಲು ಬೇಕಾದದ್ದು ಆ ಮೊಣಕಾಲು. ಬಣ್ಣಗಳಲ್ಲಿ ಕಿತ್ತಳೆ ಇಲ್ಲವೇ ನಿಂಬೆಹಣ್ಣಿನ ಹಳದಿಯನ್ನು ಆರಿಸಿ, ಬೂದು ನೀರಿನಲ್ಲಿ ಬೂದು ಜರ್ಕಿನ್ ಯಾರ ಕಣ್ಣಿಗೂ ಬೀಳದು. ಕಾರಿನಲ್ಲಿ ಒಂದು ಪೂರ್ಣ ಜೊತೆ ಒಣಬಟ್ಟೆ, ಒಂದು ದಪ್ಪ ಟವೆಲ್, ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಇಟ್ಟಿರಿ, ಮತ್ತು ಆ ಕಾರಿನ ಕೀಲಿ ನಿಮ್ಮೊಬ್ಬರ ಜೇಬಿನಲ್ಲೇ ನೀರಿಗೆ ಬೀಳದಂತೆ ಇನ್ನೊಂದನ್ನು ಜೊತೆಯವರ ಬಳಿ ಕೊಟ್ಟಿರಿ.